ಮುಂದೆ ಓದಿ

“ಲೇ ದೇವ, ಇದೇನ್ಲಾ ಇದು? ಪೊಲೀಸ್ ಸ್ಟೇಷನ್ ಗೋಡೆಗೆ ಅಂಟ್ಸೋ ಕಳ್ಳನ್ ಮಕ ಆದಂಗಾಯ್ತಲ್ಲ!”

ಮುತ್ತಯ್ಯ ಬೆನ್ನ ಹಿಂದೆ ನಿಂತು ಹೀಗೆಂದಾಗ ದೇವರಾಜ್ ಮೌಸಿನಿಂದ ಕೈ ತೆಗೆದ. ಮುದ್ದಯ್ಯನವರ ಆಧಾರ್ ಕಾರ್ಡಿನ ಫೋಟೋವನ್ನು ಆರಡಿ ಫ್ಲೆಕ್ಸಿಗೆ ಹೊಂದಿಸಲು ಬೆಳಿಗ್ಗೆ ಎಂಟರಿಂದ ಒದ್ದಾಡುತ್ತಿದ್ದ. ಎಳೆದಷ್ಟೂ ಕಣ್ಣು ಮೂಗು ಕಲಸಿಹೋಗುತ್ತಿದ್ದವು. ‘ಮತ್ತೆ ಹುಟ್ಟಿ ಬನ್ನಿ’ ಎಂಬ ಕೆಳಗಿನ ಅಕ್ಷರಗಳು ಮಾತ್ರ ಹೊಳೆಯುತ್ತಿದ್ದವು. ಇಪ್ಪತ್ತೆರಡು ವರ್ಷದಿಂದ ಕೊಳ್ಳೇಗಾಲದ ಬಸ್ ಸ್ಟ್ಯಾಂಡ್ ಹಿಂದುಗಡೆ ಡಿಟಿಪಿ, ಜೆರಾಕ್ಸ್ ಅಂಗಡಿ ಇಟ್ಟುಕೊಂಡು ಅದೆಷ್ಟು ಸತ್ತವರ ಮುಖ ತಿದ್ದಿ ತೀಡಿ ಕಳಿಸಿದ್ದನೋ ಏನೋ, ತನ್ನ ಬೀದಿಯ ದೊಡ್ಡಪ್ಪನ ಮುಖ ಮಾತ್ರ ಕೈಗೆ ಹತ್ತಲೊಲ್ಲದು.

ಮುದ್ದಯ್ಯ ಬೆಳಗಿನ ಜಾವ ಹೋಗಿದ್ದರು. ಎಪ್ಪತ್ತಾರು ವರ್ಷದ ರೇಷ್ಮೆ ನೇಕಾರ. ಹನ್ನೆರಡು ವರ್ಷದ ಹಿಂದೆ ಲಕ್ವ ಹೊಡೆದು ಬಲಗೈ, ಮಾತು ಎರಡೂ ನಿಂತಿದ್ದವು. ಬಾಯಿ ಒಂದು ಕಡೆಗೆ ವಾಲಿತ್ತು. ಆಮೇಲೆ ತೆಗೆದ ಫೋಟೋ ಯಾವುದನ್ನೂ ಹಾಕಕೂಡದು ಎಂದು ಮಗಳು ಪವಿತ್ರ ಹನೂರಿನಿಂದ ಬಂದಿಳಿದವಳೇ ಅತ್ತು ಹೇಳಿದ್ದಳು. ಅದಕ್ಕೆ ಮೊದಲಿನದು ಅಂದರೆ ಇದೊಂದೇ. ಕ್ಯಾಮೆರಾ ಕಂಡರೆ ಎದ್ದು ಹೋಗುವ ಮನುಷ್ಯ ಅವರು.

“ನೀನೇ ಒಂದ್ ತಗ್ದಿದ್ದಲ್ಲೋ,” ಎಂದರು ಮುತ್ತಯ್ಯ. ಅವರು ಸತ್ತವರ ಚಿಕ್ಕಪ್ಪನ ಮಗ. ಬೀದಿಯಲ್ಲಿ ಸಾವಾದರೆ ಚಟ್ಟ ಕಟ್ಟುವುದರಿಂದ ಹಿಡಿದು ಮಣ್ಣು ಮುಚ್ಚುವವರೆಗೆ ಅವರದೇ ಯಜಮಾನಿಕೆ. “ಮಗ್ಗದ್ ಗುಂಡೀಲಿ ಕುಂತಿರೋದು. ಕಂಪ್ಯೂಟ್ರಲ್ ಆಕಿವ್ನಿ, ಪರಪಂಚದೋರೆಲ್ಲ ನೋಡ್ತರೆ ಅಂತ ಬೀದಿ ತುಂಬ ಏಳ್ಕಂಡ್ ತಿರುಗ್ದಲ್ಲ. ಅದೆಲ್ಲೋಯ್ತು?”

“ಆ ವೆಬ್‌ಸೈಟೇ ಇಲ್ಲ ಕಣ್ ಮುತ್ತಣ್ಣ. ಮುಚ್ಚೋಗಿ ಕಾಲಾಯ್ತು.”

“ಮುಚ್ಚೋಯ್ತದಾ? ಅದೇನ್ ಅಂಗ್ಡಿಯಾ, ಬಾಗ್ಲಾಕಕೆ?”

ಅಂಗಡಿಯೇ ಅನ್ನಬೇಕು. ಬೀದಿಯ ನೇಕಾರರ ಬಳಗಕ್ಕೆಂದು ಎರಡು ಸಾವಿರದ ಒಂಬತ್ತರಲ್ಲಿ ದೇವರಾಜನೇ ಪುಸ್ತಕ ನೋಡಿಕೊಂಡು ಕಟ್ಟಿದ ವೆಬ್‌ಸೈಟು ಅದು. ವರ್ಷಕ್ಕೊಂದು ಸಲ ನವೀಕರಿಸಬೇಕಿತ್ತು. ಬಳಗ ಒಡೆದ ಮೇಲೆ ಯಾರಿಗೂ ನೆನಪಾಗಲಿಲ್ಲ, ಇವನಿಗೂ ಆಗಲಿಲ್ಲ. ಅಂಗಡಿಯ ಕಂಪ್ಯೂಟರಿನ ಹಾರ್ಡ್‌ಡಿಸ್ಕ್ ಒಂದು ಬೇಸಗೆಯಲ್ಲಿ ಸುಟ್ಟು, ಇದ್ದಬದ್ದ ಕಾಪಿಯೂ ಹೋಯಿತು.

“ಮಾಮ, ಅದರ ಅಡ್ರೆಸ್ ನೆನಪಿದ್ಯಾ?” ಎಂದು ಕೇಳಿದ್ದು ಸ್ಪಂದನ. ಪವಿತ್ರಳ ಮಗಳು, ಕಾಲೇಜಿನಲ್ಲಿ ಕಂಪ್ಯೂಟರ್ ಓದುವ ಹುಡುಗಿ. ತಾತನ ಆಧಾರ್ ಕಾರ್ಡು ತಂದುಕೊಟ್ಟು ಅಲ್ಲೇ ಸ್ಟೂಲಿನ ಮೇಲೆ ಕೂತಿದ್ದಳು. “ಹಳೇ ವೆಬ್‌ಸೈಟನ್ನೆಲ್ಲ ಒಂದ್ ಕಡೆ ಕಾಪಿ ಮಾಡಿ ಇಟ್ಟಿರ್ತಾರೆ. ಆರ್ಕೈವ್ ಅಂತ. ಈಗ ಇಲ್ದೇ ಇರೋದೂ ಸಿಗುತ್ತೆ. ಆಗ ಹೆಂಗಿತ್ತೋ ಹಂಗೇ.”

“ಎಂಗಿತ್ತೋ ಅಂಗೇನಾ?” ಎಂದು ಮುತ್ತಯ್ಯ ಬಾಯಿ ಬಿಟ್ಟರು.

ವಿಳಾಸ ಮರೆಯುವುದುಂಟೆ! ದೇವರಾಜನಿಗೆ ತನ್ನ ಮದುವೆಯ ತಾರೀಖು ಮರೆತಿತ್ತು, ಅದು ಮರೆತಿರಲಿಲ್ಲ. ಸ್ಪಂದನ ತೆರೆದುಕೊಟ್ಟ ಆರ್ಕೈವಿನಲ್ಲಿ ಅದನ್ನು ಟೈಪು ಮಾಡಿದ. ಮೇಲ್ಗಡೆ ವರ್ಷಗಳ ಸಾಲು, ಕೆಳಗೆ ಕ್ಯಾಲೆಂಡರು. ಅಲ್ಲೊಂದು ಇಲ್ಲೊಂದು ದಿನದ ಮೇಲೆ ನೀಲಿ ಚುಕ್ಕೆ. ಆ ದಿನ ಯಾವುದೋ ಯಂತ್ರ ಈ ಸೈಟಿನ ಬಾಗಿಲಿಗೆ ಬಂದು ಇಣುಕಿ, ಕಂಡದ್ದನ್ನು ಎತ್ತಿಟ್ಟುಕೊಂಡು ಹೋಗಿದೆ ಎಂದರ್ಥ. ಎರಡು ಸಾವಿರದ ಹನ್ನೆರಡರ ಒಂದು ಚುಕ್ಕೆ ಒತ್ತಿದ. ಪುಟ ಮೇಲಿನಿಂದ ನಿಧಾನವಾಗಿ ಇಳಿಯತೊಡಗಿತು. ಅವನೇ ಹಾಕಿದ್ದ ಹಸಿರು ಅಂಚು, ಮಿಣಮಿಣ ಎನ್ನುವ ನಕ್ಷತ್ರ. ಅಯ್ಯೋ, ಇದನ್ನೆಲ್ಲ ಆಗ ಎಷ್ಟು ಚಂದ ಅಂದುಕೊಂಡಿದ್ದೆನಲ್ಲ ಎಂದು ನಾಚಿಕೆಯೂ ಆಯಿತು, ಎದೆಯೂ ಉಬ್ಬಿತು.

“ಇದ್ಯಾವ ಭಾಷೆ ಮಾಮ?” ಎಂದಳು ಸ್ಪಂದನ. ತಲೆಯ ಮೇಲೆ ಟೋಪಿ, ಕಾಲಲ್ಲಿ ಬಾಲ ಇರುವ ವಿಚಿತ್ರ ಇಂಗ್ಲಿಷ್ ಅಕ್ಷರಗಳು ಪುಟದ ತುಂಬ ಚೆಲ್ಲಾಡಿದ್ದವು.

“ಕನ್ನಡನೇ ಕಣವ್ವ. ಆಗಿನ್ ಫಾಂಟಲ್ಲಿ ಕುಟ್ಟಿದ್ದು. ಆ ಫಾಂಟ್ ಇಲ್ದಿದ್ರೆ ಇಂಗ್ ಕಾಣ್ತದೆ.”

ಬೇರೆಯವರಿಗೆ ಅದು ಕಸ. ಇಪ್ಪತ್ತು ವರ್ಷ ಅದರಲ್ಲೇ ಬಿದ್ದೆದ್ದ ದೇವರಾಜ್ ಮಾತ್ರ ಆ ಕಸದಲ್ಲೂ ತಡಕಿ ತಡಕಿ ಕನ್ನಡ ಓದಬಲ್ಲವನಾಗಿದ್ದ. ಓದುವ ಮೊದಲೇ ಫೋಟೋ ಇಳಿಯಿತು. ಅಂಗೈಯಗಲದ್ದು, ಆದರೂ ಸ್ಪಷ್ಟ. ಬನಿಯನ್ ತೊಟ್ಟ ಮುದ್ದಯ್ಯ ಕೈಯಲ್ಲಿ ಲಾಳಿ ಹಿಡಿದು ಕ್ಯಾಮೆರಾ ಬಿಟ್ಟು ಬೇರೆಲ್ಲೋ ನೋಡುತ್ತಿದ್ದರು. ಬಾಯಿ ನೆಟ್ಟಗಿತ್ತು.

ಮುತ್ತಯ್ಯ ಟವಲಿನಿಂದ ಕಣ್ಣೊರೆಸಿಕೊಂಡರು. “ಇದ್ನೇ ಆಕು. ಬಿರ್ರನೆ ಆಕು. ಗೋಪಿನಾಥಂನಿಂದ ಮಹಾದೇವಮ್ಮ ಬಸ್ ಅತ್ತವ್ಳಂತೆ. ಒಡುಟ್ಟಿದ ತಂಗಿ, ಅವ್ಳ್ ಬಂದ್ ಮಕ ನೋಡುದ್ರೆ ಎತ್ಬುಡದೇಯ.”

*

ಬೀದಿಯ ಮಗ್ಗಗಳೆಲ್ಲ ನಿಂತಿದ್ದವು. ಹೆಣ ಎತ್ತುವ ತನಕ ಯಾರೂ ಲಾಳಿ ಮುಟ್ಟುವುದಿಲ್ಲ. ಶಾಮಿಯಾನದ ಕಂಬಕ್ಕೆ ಫ್ಲೆಕ್ಸ್ ಕಟ್ಟಿಸಿ ದೇವರಾಜ್ ಕೈ ಒರೆಸಿಕೊಳ್ಳುವಷ್ಟರಲ್ಲಿ ಸ್ಪಂದನ ಬಂದು, “ಅಜ್ಜಿ ಕರೀತವ್ರೆ, ಒಳಕ್ ಬರ್ಬೇಕಂತೆ,” ಎಂದಳು.

ಮುದ್ದಯ್ಯನವರ ಹೆಂಡತಿ ವಸಂತಮ್ಮ ಜಗುಲಿಯಲ್ಲಿ ಹೆಣದ ಹತ್ತಿರ ಇರಲಿಲ್ಲ. ಒಳಗೆ ಮಗ್ಗದ ಪಕ್ಕ, ಗೋಡೆಗೆ ಒರಗಿ ಕೂತಿದ್ದರು. ಬೆಳಗಿನಿಂದ ಅತ್ತಿಲ್ಲವಂತೆ. ಬೀದಿಯ ಹೆಂಗಸರು ಆಗಲೇ ಅದನ್ನು ಗುಸುಗುಸು ಮಾಡಿಕೊಂಡಾಗಿತ್ತು. ಗಂಡ ಹೆಂಡತಿ ಮಾತಾಡದೆ ಎಷ್ಟು ವರ್ಷವಾಗಿತ್ತು ಎಂಬುದೂ ಅವರಿಗೆ ಬಾಯಿಪಾಠ. ಇವನನ್ನು ಕಂಡವರೇ ಕೇಳಿದರು:

“ಫೋಟ ಸಿಕ್ತಂತಲ್ಲಪ್ಪ?”

“ಊ ದೊಡ್ಡವ್ವ.”

“ಅಂಗಾರೆ ಮಾತೂ ಸಿಕ್ಕಿರ್ಬೇಕಲ್ಲ.”

ದೇವರಾಜನಿಗೆ ತಕ್ಷಣ ಅರ್ಥವಾಗಲಿಲ್ಲ.

“ಆವತ್ತು ನೀನ್ ಫೋಟ ತಗ್ಯಕ್ ಬಂದಾಗ ನಿನ್ ಕುಟ್ಟೆ ಎಲ್ಡ್ ಗಂಟೆ ಮಾತಾಡುದ್ರು. ನಾನು ಒಲೆ ತಾವಿದ್ದೆ. ನನ್ ಇಸ್ಯ ಬಂತು. ಕಿವಿ ಕೊಟ್ಟೆ. ಅಷ್ಟೊತ್ಗೆ ಸರಿಯಾಗಿ ಪಕ್ಕದ್ ಮನೆ ಪವರ್‌ಲೂಮು ಶುರುವಾಯ್ತು, ಮುಂದುಕ್ ಏನೂ ಕೇಳ್ನಿಲ್ಲ.” ಅವರು ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿದರು. “ನೀನ್ ಅದ್ನ ಕಂಪ್ಯೂಟ್ರಲ್ ಆಕ್ದೆ. ಕೇಳಣಾ ಅಂದ್ಕಂಡೆ. ಕೇಳುದ್ರೆ ಸೋತಂಗಲ್ವಾ? ಅವ್ರೇ ಏಳ್ಲಿ ಅಂತ ಬುಟ್ಟೆ. ಆಮೇಲೆ ಅವ್ರ್ ಬಾಯೇ ಓಯ್ತು. ಈಗೇಳು ದೇವ. ನನ್ನ ಏನಂದ್ರು?”

ಅವನು ನೆನೆಸಿಕೊಳ್ಳಲು ನೋಡಿದ. ಆವತ್ತು ಕೊಟ್ಟ ಟೀಯಲ್ಲಿ ಶುಂಠಿ ಜಾಸ್ತಿಯಾಗಿದ್ದು ನೆನಪಾಯಿತು. ಕೂತ ಚಾಪೆಯ ಬಣ್ಣವೂ ನೆನಪಾಯಿತು. ಮಾತು ಮಾತ್ರ ಒಂದೂ ನೆನಪಾಗಲಿಲ್ಲ.

*

ಇಬ್ಬರ ನಡುವೆ ಮಾತು ನಿಂತಿದ್ದು ಸ್ಪಂದನ ಹುಟ್ಟಿದ ಹನ್ನೊಂದನೆಯ ದಿನ.

ಮುದ್ದಯ್ಯನವರ ಅಪ್ಪ ತಾವೇ ಕೂತು ಒಂದು ಸೀರೆಯಂಚು ಕಟ್ಟಿದ್ದರು. ಬಳ್ಳಿ, ಬಳ್ಳಿಯ ತಿರುವಿಗೊಂದು ಗಿಣಿ. ನಾನೂರು ರಟ್ಟುಗಳಿಗೆ ಒಂದೊಂದಾಗಿ ತೂತು ಹೊಡೆದು, ಹಾರದಂತೆ ಪೋಣಿಸಿ, ಮಗ್ಗದ ಮೇಲಿನ ಜಕಾರ್ಡ್ ಯಂತ್ರಕ್ಕೆ ಏರಿಸಿದರೆ ಆ ತೂತುಗಳ ಲೆಕ್ಕದಲ್ಲೇ ಎಳೆ ಎದ್ದು ಗಿಣಿ ಮೂಡುತ್ತಿತ್ತು. ಕಾಗದದ ಮೇಲೆ ಬರೆದ ನಕ್ಷೆ ಇರಲಿಲ್ಲ. ರಟ್ಟೇ ನಕ್ಷೆ. ಆ ಕಂತೆ ಅಟ್ಟದ ಮೇಲಿತ್ತು. ಅದರ ಪಕ್ಕದಲ್ಲೇ ಹುಳ ತಿಂದ, ಕೆಲಸಕ್ಕೆ ಬಾರದ ಇನ್ನೊಂದು ಕಂತೆ. “ಅದ್ನ ತಗ್ದು ಒಲೆಗಾಕು,” ಎಂದು ಮುದ್ದಯ್ಯನವರೇ ಎಷ್ಟೋ ಸಲ ಹೇಳಿದ್ದರು. ಗುರುತಿಗೆ ಒಳ್ಳೆಯದಕ್ಕೆ ಕೆಂಪು ರೇಷ್ಮೆ, ಹಾಳಾದದ್ದಕ್ಕೆ ಹಸಿರು ರೇಷ್ಮೆ ಸುತ್ತಿದ್ದರು.

ಬಾಣಂತಿ ಮಗಳು ಮನೆಯಲ್ಲಿ. ನಾಲ್ಕು ದಿನದ ಜಡಿಮಳೆ, ಸೌದೆ ತೋಯ್ದು ಹೊಗೆ ಬಿಟ್ಟು ಬೇರೇನೂ ಕೊಡುತ್ತಿರಲಿಲ್ಲ. ಕರೆಂಟೂ ಇಲ್ಲ. ಕೂಸಿಗೆ ನೀರು ಹಾಕುವ ಹೊತ್ತು ಮೀರುತ್ತಿದೆ ಎಂದು ವಸಂತಮ್ಮ ಅಟ್ಟಕ್ಕೆ ಕೈ ಚಾಚಿ, ಸಿಕ್ಕ ಕಂತೆ ಎಳೆದು ಹಂಡೆಯ ಒಲೆಗೆ ತುರುಕಿದರು. ಕತ್ತಲಲ್ಲಿ ಕೆಂಪೂ ಒಂದೇ, ಹಸಿರೂ ಒಂದೇ.

ಮುದ್ದಯ್ಯ ಬಚ್ಚಲಿಗೆ ಬಂದಾಗ ರಟ್ಟುಗಳು ಹೊತ್ತಿಕೊಂಡಿದ್ದವು. ಒಂದೊಂದು ತೂತಿನಿಂದಲೂ ಬೆಂಕಿ ಇಣುಕುತ್ತಿತ್ತು. ಅವರು ಒಲೆಗೆ ಕೈ ಹಾಕಲಿಲ್ಲ, ಬೈಯಲಿಲ್ಲ, ಹೊಡೆಯಲಿಲ್ಲ. ಹಾಗೇ ಸ್ವಲ್ಪ ಹೊತ್ತು ನೋಡಿ, ಕೋಣೆಯಲ್ಲಿದ್ದ ಮಗಳ ಕಡೆ ತಿರುಗಿ, “ಪವಿತ್ರ, ನಿಮ್ಮವ್ವಂಗೆ ಏಳು, ನೀರ್ ಕಾದದೆ ಅಂತ,” ಎಂದರು.

ಅಲ್ಲಿಂದ ಶುರು. ಉಪ್ಪು ಬೇಕಾದರೂ ಅಷ್ಟೆ, ಜ್ವರ ಬಂದರೂ ಅಷ್ಟೆ: ನಿಮ್ಮವ್ವಂಗೆ ಏಳು. ಪವಿತ್ರ ಗಂಡನ ಮನೆಗೆ ಹೋದ ಮೇಲೆ ಮನೆಗೆ ಬಂದವರ ಕೈಲಿ, ಪಕ್ಕದ ಮನೆಯವರ ಕೈಲಿ, ಹಾಲು ಹಾಕುವವನ ಕೈಲಿ ಹೇಳಿಸುತ್ತಿದ್ದರು. ಹಾಗಂತ ಒಂದೇ ಒಂದು ದಿನ ಮಗ್ಗ ನಿಲ್ಲಲಿಲ್ಲ. ಅವರು ನೇಯುವ ಸೀರೆಗೆ ಎರಡು ಕಡೆಯ ಅಂಚಿಗೂ ಬೇರೆ ಬೇರೆ ಲಾಳಿ. ಒಬ್ಬರ ಕೈ ಸಾಲದು. ಆ ಕಡೆಯ ಅಂಚಿಗೆ ವಸಂತಮ್ಮನೇ ಕೂರಬೇಕು. ದಿನಕ್ಕೆ ಎಂಟು ಗಂಟೆ ಮೊಳದಗಲದಲ್ಲಿ ಕೂತು, ಲಾಳಿ ಎಸೆದು ಲಾಳಿ ಹಿಡಿದು, ಒಂದು ಮಾತಿಲ್ಲ. ಬೇಕಾದಾಗ ಮುದ್ದಯ್ಯ ಮಗ್ಗದ ಮರವನ್ನು ಬೆರಳಿನಿಂದ ತಟ್ಟುತ್ತಿದ್ದರು. ಏಳು ವರ್ಷ ಹೀಗೇ ನಡೆಯಿತು. ಆಮೇಲೆ ಲಕ್ವ. ಆಮೇಲೆ ಹನ್ನೆರಡು ವರ್ಷ ಅವರಿಗೆ ಗಂಜಿ ಕುಡಿಸಿದ್ದು, ಎತ್ತಿ ಮಲಗಿಸಿದ್ದು ಎಲ್ಲ ವಸಂತಮ್ಮನೇ. ಏನೋ ಹೇಳಲು ಹೋಗಿ “ಆ... ಆ...” ಎಂದು ಒದ್ದಾಡಿ ಅವರು ಗೋಡೆಗೆ ತಿರುಗಿಬಿಡುತ್ತಿದ್ದರು.

*

ಮೊಬೈಲಿನಲ್ಲಿ ಆ ಹನ್ನೆರಡನೇ ಇಸವಿಯ ಪುಟವನ್ನೇ ತೆರೆದು ದೇವರಾಜ್ ಚಾಪೆಯ ಮೇಲೆ ಕೂತ. ಪಕ್ಕದಲ್ಲಿ ಸ್ಪಂದನ. ಟೋಪಿ ಬಾಲದ ಅಕ್ಷರಗಳನ್ನು ಬೆರಳಿಟ್ಟು ಬಿಡಿಸಿಕೊಂಡು ಒಂದೊಂದೇ ಪದವಾಗಿ ಓದತೊಡಗಿದ.

“‘ಕೈಮಗ್ಗವೇ ನನ್ನ ಉಸಿರು. ಪೂರ್ವಿಕರಿಂದ ಬಳುವಳಿಯಾಗಿ ಬಂದ ಈ ಪವಿತ್ರ ಕಲೆಯನ್ನು ಉಳಿಸಿ ಬೆಳೆಸುವುದು ನಮ್ಮೆಲ್ಲರ ಆದ್ಯ ಕರ್ತವ್ಯವಾಗಿದೆ...’”

ವಸಂತಮ್ಮ ಹುಬ್ಬು ಗಂಟಿಕ್ಕಿ ಕೇಳುತ್ತಿದ್ದರು.

“‘ನನ್ನ ಎಲ್ಲ ಸಾಧನೆಯ ಹಿಂದೆ ನನ್ನ ಧರ್ಮಪತ್ನಿ ಶ್ರೀಮತಿ ವಸಂತಮ್ಮನವರ ಸಂಪೂರ್ಣ ಸಹಕಾರವಿದೆ ಎಂದು ಹೇಳಲು ಹೆಮ್ಮೆಪಡುತ್ತೇನೆ.’”

“ಏನು? ಏನ್ ಪತ್ನಿ?”

“ಧರ್ಮಪತ್ನಿ.”

ವಸಂತಮ್ಮ ಇದ್ದಕ್ಕಿದ್ದ ಹಾಗೆ ನಕ್ಕುಬಿಟ್ಟರು. ಜಗುಲಿಯಲ್ಲಿದ್ದ ಹೆಂಗಸರು ಒಳಗೆ ಇಣುಕಿ ನೋಡಿದರು. “ಅಯ್ಯೋ ನನ್ ಶಿವ್ನೆ! ಅವ್ರ್ ಬಾಯಲ್ಲಿ ಧರ್ಮಪತ್ನಿಯಾ? ಲೋ ದೇವ, ಇದು ಅವ್ರ್ ಮಾತಲ್ಲ ಕಣಪ್ಪ. ಯಾರೋ ಮೇಷ್ಟ್ರು ಬರ್ದವ್ರೆ.”

ಮೇಷ್ಟರಲ್ಲ. ಬರೆದವನು ಎದುರಿಗೇ ಕೂತಿದ್ದ. ದೇವರಾಜನ ಕಿವಿ ಬಿಸಿಯಾಯಿತು.

*

ಮೊದಲು ಅವನು ಹಾಕಿದ್ದು ಇದನ್ನಲ್ಲ. ಮೊಬೈಲಿನಲ್ಲಿ ರೆಕಾರ್ಡು ಮಾಡಿಕೊಂಡ ಮಾತನ್ನು ಅಂಗಡಿಯಲ್ಲಿ ಕೂತು ಕೇಳುತ್ತ ಕೇಳುತ್ತ, ಮುದ್ದಯ್ಯ ಹೇಗೆ ಹೇಳಿದ್ದರೋ ಹಾಗೇ ಕುಟ್ಟಿದ್ದ. ಡಿಟಿಪಿಯವನ ಕಣ್ಣಿಗೆ ಕಾಣುವುದು ಅಕ್ಷರ, ಅರ್ಥವಲ್ಲ. ಲಗ್ನಪತ್ರಿಕೆಯೂ ಒಂದೇ, ತಿಥಿಯ ಕಾಗದವೂ ಒಂದೇ. ಮೂರು ವಾರ ಅದು ಹಾಗೇ ಇತ್ತು. ಆಮೇಲೆ ಬಳಗದ ಅಧ್ಯಕ್ಷರಾದ ಶಿವನಂಜಯ್ಯನವರು ಅಂಗಡಿಗೆ ಬಂದು ಕನ್ನಡಕ ಏರಿಸಿ ನೋಡಿದವರೇ ಸಿಡಿಮಿಡಿಗೊಂಡರು.

“ಏನ್ರೀ ಇದು, ‘ಕಣ್ಲಾ ದೇವ’ ಅಂತೆಲ್ಲ ಹಾಕಿದ್ದೀರಿ? ಪ್ರಪಂಚವೇ ನೋಡುತ್ತೆ. ನೇಕಾರರು ಅಂದ್ರೆ ಏನಂದ್ಕೊಳ್ಳಲ್ಲ? ಶುದ್ಧ ಕನ್ನಡದಲ್ಲಿ ಬರೀರಿ. ಗೌರವವಾಗಿರಲಿ.”

ದೇವರಾಜನಿಗೂ ಅದೇ ಸರಿ ಅನ್ನಿಸಿತು. ಅರ್ಧ ಗಂಟೆಯಲ್ಲಿ ತಾನೇ ಹೊಸದಾಗಿ ಬರೆದು ಹಳೆಯದನ್ನು ಅಳಿಸಿದ. ಧರ್ಮಪತ್ನಿ ಎಂಬ ಪದ ಹೊಳೆದಾಗ ಬಹಳ ಖುಷಿಪಟ್ಟಿದ್ದ. ಆ ಖುಷಿ ಮಾತ್ರ ಇನ್ನೂ ಚೆನ್ನಾಗಿ ನೆನಪಿತ್ತು. ರೆಕಾರ್ಡು ಮಾಡಿಕೊಂಡಿದ್ದ ಮೊಬೈಲು ಯಾವ ಗುಜರಿ ಸೇರಿತೋ!

*

“ತಪ್ಪಾಯ್ತು ದೊಡ್ಡವ್ವ,” ಎಂದ. “ಇದ ಬರ್ದಿದ್ದು ನಾನು. ಅವ್ರು ಏಳಿದ್ದು ಬೇರೆ ಇತ್ತು.”

“ಅದೆಲ್ಲದೆ ಈಗ?”

ಸ್ಪಂದನ ಅವನ ಕೈಯಿಂದ ಮೊಬೈಲು ತೆಗೆದುಕೊಂಡಳು. “ಮಾಮ, ಹಿಂದಿನ ಕಾಪಿಗಳೂ ಇರುತ್ವಲ್ಲ. ಯಾವ ತಿಂಗಳಲ್ಲಿ ಹಾಕಿದ್ದು?”

“ಜೂನಿರ್ಬೇಕು. ಮಳೆ ಇಡ್ದಿತ್ತು.”

ಹನ್ನೊಂದನೇ ಇಸವಿಯ ಚುಕ್ಕೆ ಒತ್ತಿದರು: ಧರ್ಮಪತ್ನಿ. ಹತ್ತನೆಯದು: ಧರ್ಮಪತ್ನಿ. ಒಂಬತ್ತರ ನವೆಂಬರಿನಲ್ಲೊಂದು: ಅದೂ ಧರ್ಮಪತ್ನಿಯೇ. ತಾನೇ ಬರೆದ ಮಾತು ಒಂದೊಂದು ಬಾಗಿಲಲ್ಲೂ ಎದುರು ಬಂದು ನಿಲ್ಲುವಾಗ ದೇವರಾಜನಿಗೆ ಅದನ್ನು ಉಗಿದು ಓಡಿಸುವಷ್ಟು ಸಿಟ್ಟು ಬಂತು. ಜೂನ್ ತಿಂಗಳಿಗೆ ಬಂದರು. ಮೂವತ್ತು ದಿನದಲ್ಲಿ ಒಂದೇ ಒಂದು ದಿನದ ಮೇಲೆ, ಹದಿನಾಲ್ಕನೇ ತಾರೀಖಿನ ಮೇಲೆ, ನೀಲಿ ಚುಕ್ಕೆಯಿತ್ತು.

ಸ್ಪಂದನ ಒತ್ತಿದಳು. ನೆಟ್‌ವರ್ಕು ಎಳೆದಾಡಿತು. ಹಸಿರು ಅಂಚು ಬಂತು. ನಕ್ಷತ್ರ ಬಂತು. ಫೋಟೋ ಇರಬೇಕಾದ ಕಡೆ ಖಾಲಿ ಚೌಕ. ಅದರ ಕೆಳಗೆ ಅಕ್ಷರಗಳು. ಮೊದಲ ಸಾಲನ್ನು ಬಿಡಿಸುವಾಗಲೇ ದೇವರಾಜನ ಮೈ ಜುಮ್ಮೆಂದಿತು.

“ಇದೇಯ ದೊಡ್ಡವ್ವ, ಇದೇಯ! ಕೇಳು. ‘ನಾವೇನ್ಲಾ ದೇವ, ಕತ್ಲಲ್ ಕಾಲಿಟ್ಟು ಬೆಳಕಲ್ ಕೈಯಾಡ್ಸೋರು. ಗುಂಡಿ ಒಳಕ್ಕೆ ಕಾಲು, ಮೇಲ್ಕೆ ಕೈಯಿ. ಮಣ್ಗೋಗೋದ ಮೊದ್ಲೇ ಅರ್ಧ ಮಣ್ಣಲ್ಲಿರೋರು ಕಣ್ಲಾ...’”

ವಸಂತಮ್ಮ ನೆಟ್ಟಗಾದರು. ಗೋಡೆಯಿಂದ ಬೆನ್ನು ತೆಗೆದು ಮುಂದಕ್ಕೆ ಬಾಗಿದರು. ಹತ್ತೊಂಬತ್ತು ವರ್ಷದಿಂದ ಆ ಮಾತಿನ ಧಾಟಿ ಅವರ ಕಡೆಗೆ ತಿರುಗಿರಲಿಲ್ಲ.

“‘ನಮ್ಮಪ್ಪ ಒಂದ್ ಬಳ್ಳಿ ಕಟ್ಟಿದ್ದ. ಗಿಣಿ ಇದ್ದೊ ಅದ್ರಲ್ಲಿ. ಈಗಿಲ್ಲ ಬುಡು. ಇದು ಒಬ್ರೇ ನೇಯೋ ಕೆಲ್ಸ ಅಲ್ಲ ಕಣ್ಲಾ. ಆ ಕಡೆ ಅಂಚಿಗ್ ಒಬ್ರು ಬೇಕು. ಆ ಕಡೀಕೆ ನಮ್ ಕುಳ್ಳಿ ಕುಂತ್ಕತಳೆ...’”

“ಏನಂದೆ?”

“ಕುಳ್ಳಿ ಅಂತ ಅದೆ ದೊಡ್ಡವ್ವ.”

ವಸಂತಮ್ಮ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡರು. ಆ ಹೆಸರು ಪವಿತ್ರಳಿಗೂ ಗೊತ್ತಿರಲಿಲ್ಲ. ಮದುವೆಯಾದ ಹೊಸತರಲ್ಲಿ ಮಗ್ಗದ ಆ ಕಡೆ ಕೂತರೆ ಕೈ ಎಟುಕದೆ ಕೆಳಗೊಂದು ಹಲಗೆ ಹಾಕಿಕೊಳ್ಳಬೇಕಿತ್ತಂತೆ; ಆಗ ಇಟ್ಟ ಹೆಸರು. ನಾಲ್ಕು ಜನರ ಎದುರು ಕರೆದವರೇ ಅಲ್ಲ. “ಅವ್ರೇಯ,” ಎಂದರು ಬೆರಳುಗಳ ಸಂದಿಯಿಂದ. “ಅವ್ರೇ ಕಣಪ್ಪ. ಓದು. ನಿಲ್ಲುಸ್ಬೇಡ.” ಬೆಳಗಿನಿಂದ ಬಾರದ ಕಣ್ಣೀರು ಈಗ ಕೆನ್ನೆಯ ಮೇಲೆ ಧಾರಾಕಾರವಾಗಿ ಇಳಿಯಿತು.

“‘ಕುಳ್ಳಿಗೊಂದ್ ಮಾತ್ ಏಳ್ಬೇಕು ಅಂತ ಮೂರೊರ್ಸದಿಂದ ಇವ್ನಿ. ಬಾಯ್ಗ್ ಬತ್ತದೆ, ಒಳಕ್ಕೋಯ್ತದೆ. ನಿನ್ ಕೈಲ್ ಏಳ್ತಿನಿ ತಕೊ. ಏನಪ್ಪಾ ಅಂದ್ರೆ...’”

ಅಲ್ಲಿಗೆ ಪುಟ ಮುಗಿದಿತ್ತು. ಕೆಳಗೆ ಅಡಿಗೆರೆ ಎಳೆದ ಎರಡು ಪದ: ಮುಂದೆ ಓದಿ.

ಲಿಂಕು ಹಾಕುವುದನ್ನು ಆಗಷ್ಟೆ ಕಲಿತಿದ್ದ. ಉದ್ದದ ಬರಹವನ್ನು ಕುತೂಹಲದ ಜಾಗದಲ್ಲಿ ಕತ್ತರಿಸಿ ಎರಡನೇ ಪುಟಕ್ಕೆ ಒಯ್ದರೆ ಜನ ಒತ್ತಿಯೇ ಒತ್ತುತ್ತಾರೆ ಎಂದು ಯಾವುದೋ ಪುಸ್ತಕದಲ್ಲಿತ್ತು. ಎಂಥ ಜಾಗ ಹುಡುಕಿ ಕತ್ತರಿ ಹಾಕಿದೆನಪ್ಪ ಎಂದು ಈಗ ತನ್ನನ್ನೇ ಬೈದುಕೊಂಡ. ಒತ್ತಿದ. ಸುತ್ತು ಸುತ್ತಿ ಒಂದು ಬಿಳಿ ಪುಟ ಬಂತು. ಅದರಲ್ಲಿ ಇಂಗ್ಲಿಷಿನ ಎರಡು ಸಾಲು.

“ಈ ಪುಟ ನಮ್ಮ ಹತ್ರ ಉಳಿದಿಲ್ಲ ಅಂತ,” ಎಂದಳು ಸ್ಪಂದನ, ಅವನಿಗಷ್ಟೇ ಕೇಳುವ ಹಾಗೆ. ಬಂದ ಯಂತ್ರ ಮೊದಲ ಪುಟ ಎತ್ತಿಟ್ಟುಕೊಂಡು, ಎರಡನೆಯದರ ಬಾಗಿಲು ತಟ್ಟದೆ ಹೋಗಿತ್ತು. ದೇವರಾಜ್ ಹಿಂದಕ್ಕೆ ಹೋಗಿ ಮತ್ತೆ ಒತ್ತಿದ. ಮತ್ತೆ ಬಿಳಿ ಪುಟ. ಜುಲೈಗೆ ಹೋದ, ಚುಕ್ಕೆಯಿಲ್ಲ. ಮೇ ತಿಂಗಳಲ್ಲಿ ಸೈಟೇ ಇರಲಿಲ್ಲ.

“ಯಾಕಪ್ಪ ನಿಲ್ಲುಸ್ದೆ? ಏನಪ್ಪಾ ಅಂದ್ರೆ?”

ಆಗ ಅವನಿಗೆ ಪೂರ್ತಿ ಹೊಳೆಯಿತು. ‘ನಿನ್ ಕೈಲ್ ಏಳ್ತಿನಿ ತಕೊ.’ ಮುದ್ದಯ್ಯ ಆವತ್ತು ಸಂದರ್ಶನ ಕೊಟ್ಟಿರಲಿಲ್ಲ. ಹಾಲಿನವನ ಕೈಲಿ, ಪಕ್ಕದವರ ಕೈಲಿ ಹೇಳಿಸುವಂತೆ ಹೆಂಡತಿಗೆ ಒಂದು ಮಾತು ಹೇಳಿ ಕಳಿಸಿದ್ದರು. ಇವನು ಅದನ್ನು ಪ್ರಪಂಚಕ್ಕೆಲ್ಲ ತೋರಿಸಲು ಹೋಗಿ, ಗೋಡೆಯಾಚೆ ಒಲೆಯ ಹತ್ತಿರ ಕೂತಿದ್ದವರಿಗೆ ಮುಟ್ಟಿಸಲಿಲ್ಲ. ಮೂರು ವಾರಕ್ಕೆ ತನ್ನ ಕೈಯಾರೆ ಅಳಿಸಿ, ಅದರ ಜಾಗದಲ್ಲಿ ಧರ್ಮಪತ್ನಿಯನ್ನು ಕೂರಿಸಿದ. ಇದೇ ಹತ್ತು ಬೆರಳು ಆ ಮಾತನ್ನು ಅಕ್ಷರಅಕ್ಷರವಾಗಿ ಕುಟ್ಟಿದ್ದವು. ಬೆರಳುಗಳನ್ನು ನೋಡಿಕೊಂಡ. ಅವಕ್ಕೂ ನೆನಪಿರಲಿಲ್ಲ.

ಬೀದಿಯಲ್ಲಿ ಗೋಳು ಎದ್ದಿತು. “ಅಣ್ಣಯ್ಯೋ, ನನ್ನಣ್ಣಯ್ಯೋ!” ಮಹಾದೇವಮ್ಮ ಬಂದಿದ್ದರು. ಅದರ ಹಿಂದೆಯೇ ಮುತ್ತಯ್ಯನವರ ಗಂಟಲು: “ಒತ್ತಾಯ್ತು, ಬಿರ್ರನೆ ಮಕ ನೋಡ್ಕಳ್ರಪ್ಪಾ! ವಸಂತಕ್ಕನ್ ಕರೀರಿ, ಎತ್ಬೇಕು!”

ವಸಂತಮ್ಮ ಏಳಲಿಲ್ಲ. ದೇವರಾಜನ ಮಣಿಕಟ್ಟು ಹಿಡಿದುಕೊಂಡರು. ಮುದುಕಿಯ ಕೈಯಲ್ಲಿ ಅಷ್ಟು ಬಿಗಿ ಇದ್ದೀತು ಎಂದು ಅವನು ಎಣಿಸಿರಲಿಲ್ಲ. “ಅವ್ರ್ನ ಎತ್ತೋದ್ರೊಳಗ್ ಓದ್ಬುಡು. ಅದೊಂದ್ ಓದ್ಬುಡು ಮಗ.”

ಈ ಅಕ್ಷರ ಓದಬಲ್ಲವನು ಮನೆಯಲ್ಲಿ ಅವನೊಬ್ಬನೇ. ಇನ್ನೊಂದು ಸಾಲು ಓದಿದರೆ ಯಾರು ತಡೆಯುತ್ತಾರೆ? ಒಂದು ಸಲ ಅವರ ಬಾಯಿಗೆ ಮಾತು ತುಂಬಿದವನಿಗೆ ಇನ್ನೊಂದು ಸಲ ಕಷ್ಟವೇ? ಈ ಸಲ ಧರ್ಮಪತ್ನಿ ಗಿರ್ಮಪತ್ನಿ ಬೇಡ. ಬೀದಿಯ ಮಾತಿನಲ್ಲೇ, ಅವರ ಧಾಟಿಯಲ್ಲೇ. ಮತ್ತೆ ಆ ಬಿಳಿ ಪುಟಕ್ಕೆ ಹೋಗಿ, ಅದರ ಮೇಲೆ ಕಣ್ಣಿಟ್ಟು ಶುರು ಮಾಡಿದ.

“‘ಏನಪ್ಪಾ ಅಂದ್ರೆ... ಸುಟ್ಟೋದ್ದು ಸುಟ್ಟೋಯ್ತು. ಅವ್ಳೇನ್ ಬೇಕೂಂತ ಮಾಡುದ್ಲಾ? ಕೂಸಿಗ್ ನೀರ್ ಕಾಯ್ಬೇಕಿತ್ತು. ನನ್ ಮನ್ಸಲ್ ಏನೂ ಮಡಿಕಂಡಿಲ್ಲ, ಕುಳ್ಳೀ...’”

ಸ್ಪಂದನ ತಲೆ ತಗ್ಗಿಸಿದಳು. ಅವಳಿಗೆ ಕಾಣುತ್ತಿತ್ತು, ಮೊಬೈಲಿನಲ್ಲಿ ಟೋಪಿ ಬಾಲದ ಅಕ್ಷರ ಒಂದೂ ಇಲ್ಲ ಎಂದು. ವಸಂತಮ್ಮ ಮೊಬೈಲು ನೋಡುತ್ತಲೇ ಇರಲಿಲ್ಲ. ದೇವರಾಜನ ಮುಖ ನೋಡುತ್ತಿದ್ದರು.

“ಇದು ಅವ್ರ್ ಏಳಿದ್ದಾ ದೇವ,” ಎಂದು ಕೇಳಿದರು, “ಇಲ್ಲಾ ನೀನ್ ಬರ್ದಿದ್ದಾ?”

ದೇವರಾಜ್ ಮೊಬೈಲನ್ನು ಮಗುಚಿ ಚಾಪೆಯ ಮೇಲಿಟ್ಟ.

ಅವರು ಮಣಿಕಟ್ಟು ಬಿಟ್ಟರು. “ಚಂದಾಗ್ ಬರೀತೀಯ ಕಣಪ್ಪ ನೀನು,” ಎಂದರು. ಅದರಲ್ಲಿ ಸಿಟ್ಟಿರಲಿಲ್ಲ, ಕೊಂಕೂ ಇರಲಿಲ್ಲ. ಗೋಡೆ ಹಿಡಿದುಕೊಂಡು ಎದ್ದು, ಸೆರಗು ಸರಿಮಾಡಿಕೊಂಡು ಜಗುಲಿಗೆ ನಡೆದರು. ದೇವರಾಜ್ ಹಿಂದೆಯೇ ಬಂದು ಬಾಗಿಲಲ್ಲಿ ನಿಂತ.

ಜನ ದಾರಿ ಬಿಟ್ಟರು. ಮಹಾದೇವಮ್ಮ ಅಣ್ಣನ ಕಾಲು ಹಿಡಿದು ಅಳುತ್ತಿದ್ದರು. ಹೆಣವನ್ನು ಆಗಲೇ ಚಟ್ಟದ ಮೇಲೆ ಮಲಗಿಸಿ ಆಗಿತ್ತು; ನಾಲ್ಕು ಜನ ಬಗ್ಗಿ ಬಿದಿರಿಗೆ ಕೈ ಹಾಕಿದ್ದರು. ವಸಂತಮ್ಮ ತಲೆಯ ಕಡೆ ಹೋಗಿ ಕುಕ್ಕರಗಾಲಲ್ಲಿ ಕೂತರು. ಮುದ್ದಯ್ಯನವರ ದವಡೆ ಜೋತು ಬೀಳದಿರಲೆಂದು ಗಲ್ಲದಿಂದ ನೆತ್ತಿಗೆ ಒಂದು ಬಿಳಿ ಬಟ್ಟೆ ಸುತ್ತಿ ಕಟ್ಟಿದ್ದರು. ವಸಂತಮ್ಮ ನೆತ್ತಿಯ ಮೇಲಿನ ಗಂಟಿಗೆ ಉಗುರು ಹಾಕಿದರು.

“ಏಯ್ ವಸಂತಕ್ಕ! ಏನ್ ಮಾಡಿಯೆ? ಅದ ಬಿಚ್ಬಾರ್ದು!” ಎಂದು ಮುತ್ತಯ್ಯ ಕೂಗಿದರು.

ಕೇಳಿಸಿಕೊಳ್ಳುವವರು ಯಾರು? ಸಿಕ್ಕುಬಿದ್ದ ರೇಷ್ಮೆ ಎಳೆಯನ್ನು ಹರಿಯದೆ ಬಿಡಿಸುವ ಕೈ ಅದು. ಗಂಟು ಬಿಚ್ಚಿತು. ಬಟ್ಟೆ ಸಡಿಲವಾಗಿ ಜಾರಿತು. ಮುದ್ದಯ್ಯನವರ ತುಟಿಗಳು ನಿಧಾನವಾಗಿ, ಬೆರಳಿನಷ್ಟು ಬೇರೆಯಾದವು. ವಸಂತಮ್ಮ ಕಿವಿಯ ಮೇಲಿನ ಸೆರಗನ್ನು ಹಿಂದಕ್ಕೆ ತಳ್ಳಿ, ಬಗ್ಗಿ, ಆ ಬಾಯಿಗೆ ಕಿವಿ ಹಚ್ಚಿದರು. ಮಹಾದೇವಮ್ಮನ ಅಳು ನಿಂತಿತು. ಚಟ್ಟಕ್ಕೆ ಕೈ ಹಾಕಿದ್ದ ನಾಲ್ವರೂ ಬಗ್ಗಿದವರು ಬಗ್ಗಿದಂತೆಯೇ ನಿಂತರು.